ಒಣಗಿದ ಮೇಲಿನ ನೀಲಿ

ಅಪ್ಪ ಹೆಲ್ಮೆಟ್ ಕೂಡ ತೆಗೆಯದೆ ಒಳಗೆ ಬಂದಾಗ ಅಳಿಲು ಬಕೆಟ್ಟಿನಲ್ಲಿ ಬ್ರಷ್‌ಗಳನ್ನು ನೆನೆಹಾಕುತ್ತಿದ್ದಳು.

"ಶೂ ಬಿಚ್ಚಿ ಬಾ ಅಪ್ಪಾ. ಪರದೆ ಮೇಲೆ ಕಾಲಿಟ್ಟರೆ ಅತ್ತೆ ಬೈತಾಳೆ."

ಅಪ್ಪ ಬಾಗಿಲಲ್ಲೇ ನಿಂತ. ನೆಲದ ತುಂಬ ಹಾಸಿದ್ದ ಬಟ್ಟೆಯನ್ನೂ, ಅದರ ಮೇಲಿನ ಮುಗಿಯದ ಸಂಜೆಯ ಆಕಾಶವನ್ನೂ ನೋಡಿದ. ಆಮೇಲೆ ಹೆಲ್ಮೆಟ್ ತೆಗೆದ.

"ಅತ್ತೆ ಬರಲ್ಲ ಮಗಳೇ. ಬಸ್‌ಸ್ಟಾಪಿನಲ್ಲೇ ಕುಸಿದುಬಿದ್ದಳಂತೆ. ಆಸ್ಪತ್ರೆಗೆ ಸೇರಿಸೋ ಹೊತ್ತಿಗೆ..."

ಅಳಿಲು ಕೈಯಲ್ಲಿದ್ದ ಬ್ರಷ್ಷನ್ನು ನೀರಿಗೆ ಅದ್ದಿದಳು, ತೆಗೆದಳು, ಮತ್ತೆ ಅದ್ದಿದಳು.

ಅತ್ತೆ ಅಪ್ಪನ ತಂಗಿ. ನಾಟಕಶಾಲೆಯ ಹಿಂದಿನ ಈ ಉದ್ದನೆಯ ಕೋಣೆಯಲ್ಲಿ ನಾಟಕಗಳಿಗೆ ಪರದೆ ಬರೆಯುವುದು ಅವಳ ಕೆಲಸ. ಏಣಿ ಹತ್ತುವ ಚುರುಕು ನೋಡಿ ಹುಡುಗಿಗೆ ಅಳಿಲು ಎಂದು ಹೆಸರಿಟ್ಟವಳು ಅವಳೇ. ಚಿತ್ರಕಲೆಯ ಸ್ಕೂಲಿಗೆ ಪರೀಕ್ಷೆ ಬರಿ ಎಂದು ಗಂಟುಬಿದ್ದವಳೂ ಅವಳೇ.

ಆ ಸ್ಕೂಲಿನಲ್ಲಿ ಅರ್ಧ ದಿನ ಪಾಠ, ಅರ್ಧ ದಿನ ಬಣ್ಣ, ಜೇಡಿಮಣ್ಣು. ಅಪ್ಪನಿಗೆ ಅದು ಸುತರಾಂ ಇಷ್ಟವಿರಲಿಲ್ಲ. ಲೆಕ್ಕ, ವಿಜ್ಞಾನ ಅರ್ಧಂಬರ್ಧ ಕಲಿತ ಹುಡುಗಿಗೆ ನಾಳೆ ಯಾರು ಕೆಲಸ ಕೊಡುತ್ತಾರೆ ಎಂದು ಅವನ ಚಿಂತೆ.

"ನೀನೂ ಅಲ್ಲೇ ಓದಿದೆಯಲ್ಲ, ಏನು ಸಿಕ್ತು? ಮಂಡಿನೋವು," ಎಂದು ತಂಗಿಯನ್ನು ಚುಚ್ಚಿದ್ದ.

"ಅದು ಸ್ಕೂಲಿಂದ ಬಂದದ್ದಲ್ಲ ಅಣ್ಣ, ಅಮ್ಮನಿಂದ ಬಂದದ್ದು," ಎಂದು ಅತ್ತೆ ನಕ್ಕಿದ್ದಳು. ಮಂಡಿ ಒತ್ತಿಕೊಳ್ಳುತ್ತಿದ್ದ ಅಜ್ಜಿಯೂ ನಕ್ಕಿದ್ದಳು.

ಅಳಿಲಿಗೂ ಹೋಗುವ ಮನಸ್ಸಿರಲಿಲ್ಲ. ನನಗೆ ನೀನೇ ಸ್ಕೂಲು ಅಂದಿದ್ದಳು. ಆಗ ಮಾತ್ರ ಅತ್ತೆ ನಗಲಿಲ್ಲ.

"ನಾನು ಒಬ್ಬಳು ಕಣೇ. ಒಬ್ಬಳ ಕೈ ನೋಡಿ ಕಲಿತರೆ ಆ ಒಂದು ಕೈ ಬರುತ್ತೆ, ಅಷ್ಟೇ."

ಅಂತ್ಯಕ್ರಿಯೆ ಮುಗಿದ ಮರುದಿನ ನಾಟಕದ ಮ್ಯಾನೇಜರು ಮನೆಗೆ ಬಂದು ಅಜ್ಜಿಯ ಎದುರು ತಲೆತಗ್ಗಿಸಿ ಕುಳಿತರು. ನಾಟಕ ಮುಂದೂಡುವ ಹಾಗಿಲ್ಲ, ಪರದೆಯ ಒಂದು ಮೂಲೆ ಹಾಗೇ ಉಳಿದಿದೆ, ಹಳೆಯದೊಂದನ್ನು ತೂಗುಹಾಕುತ್ತೇವೆ ಎಂದರು. ಅತ್ತೆಯ ಆಕಾಶವನ್ನು ಸುತ್ತಿ ಮೂಲೆಗೆ ಒರಗಿಸುತ್ತಾರೆ ಎಂದು ತಿಳಿದು ಅಳಿಲಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಒಂದೇ ಓಟಕ್ಕೆ ನಾಟಕಶಾಲೆಗೆ ಹೋದಳು. ವಾಚ್‌ಮನ್ ತಾತ ಏನೂ ಕೇಳದೆ ಬಾಗಿಲು ತೆಗೆದ.

ಬಣ್ಣದ ಪುಡಿ ಇತ್ತು, ಅಂಟು ಇತ್ತು. ಅತ್ತೆ ಮಾಡುವಂತೆಯೇ ಅಂಟು ಬಿಸಿಮಾಡಿ ನೀಲಿ ಕಲಸಿದಳು. ಅತ್ತೆಯ ಆಕಾಶದ ಪಕ್ಕ ಡಬ್ಬಿ ಹಿಡಿದು ನೋಡಿದಳು. ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಉದ್ದ ಕೋಲಿನ ಬ್ರಷ್ ಹಿಡಿದು, ಬರಿಗಾಲಲ್ಲಿ ನಡೆಯುತ್ತಾ ಮೂಲೆಯನ್ನೆಲ್ಲ ತುಂಬಿದಳು. ಆಮೇಲೆ ಗೋಡೆಗೊರಗಿ ಕುಳಿತಳು.

ಬಣ್ಣ ಒಣಗತೊಡಗಿತು. ಒಣಗುತ್ತಾ ಒಣಗುತ್ತಾ ಪೇಲವವಾಯಿತು. ಕೊನೆಗೆ ಅತ್ತೆಯ ಕಡುನೀಲಿ ಸಂಜೆಯ ಮೂಲೆಯಲ್ಲಿ ಒಗೆದೊಗೆದು ಸವೆದ ಲಂಗದಂಥ ತೇಪೆಯೊಂದು ಉಳಿಯಿತು.

ಬಾಗಿಲಲ್ಲಿ ಸದ್ದಾಯಿತು. ಅಪ್ಪ, ಅವನ ಹಿಂದೆ ಮೂವರು. ಅತ್ತೆಯ ಜೊತೆ ಆ ಸ್ಕೂಲಿನಲ್ಲಿ ಓದಿದವರು. ದೂರದಿಂದ ಬಂದು, ಅವಳು ಕೊನೆಗೆ ಮಾಡುತ್ತಿದ್ದ ಕೆಲಸ ನೋಡಬೇಕೆಂದು ಕೇಳಿದ್ದರು. ಒಬ್ಬರು ಬೇಕರಿ ನಡೆಸುವವರು, ಒಬ್ಬಾಕೆ ಟ್ಯಾಕ್ಸಿ ಓಡಿಸುವವರು, ಕನ್ನಡಕದ ಮೂರನೆಯವರು ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುವವರು.

ಯಾರೂ ಹೇಳದಿದ್ದರೂ ಮೂವರೂ ಚಪ್ಪಲಿ ಬಿಚ್ಚಿದರು. ತೇಪೆಯನ್ನು ನೋಡಿದರು. ಅಳಿಲಿನ ಕೈ ನೋಡಿದರು.

"ನಾನೇ ಹಾಳುಮಾಡಿದೆ," ಅಂದಳು ಅಳಿಲು.

ಬೇಕರಿ ಮಾಮ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತರು. "ನಿಮ್ಮತ್ತೆ ಮೊದಲ ವರ್ಷ ಇದನ್ನೇ ಮಾಡಿದ್ದಳು. ಇಷ್ಟೇ ಅಲ್ಲ, ಇಡೀ ಗೋಡೆ. ನಾವೆಲ್ಲ ನಕ್ಕು ನಕ್ಕು, ಆಮೇಲೆ ಅವಳ ಜೊತೆ ಕೂತು ಬಳಿದ್ವಿ."

ಟ್ಯಾಕ್ಸಿ ಅಕ್ಕ ಬಟ್ಟೆಯ ಚೂರೊಂದಕ್ಕೆ ನೀಲಿ ಹಚ್ಚಿ, ಮೊಳೆಗೆ ತೂಗಿದ್ದ ಹಳೆಯ ಹೇರ್ ಡ್ರೈಯರ್ ಹಿಡಿದು ಒಣಗಿಸಿದರು. ಅತ್ತೆ ಪ್ರತಿಸಲ ಹಾಗೆ ಮಾಡುವಾಗ, ನಿನ್ನ ಬಣ್ಣಕ್ಕೆ ತಲೆಸ್ನಾನ ಆಯ್ತಾ ಎಂದು ಅಳಿಲು ಗೇಲಿ ಮಾಡುತ್ತಿದ್ದಳು. ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಬೇಕೆಂದೇ ಹೊಳೆದಿರಲಿಲ್ಲ.

ಅಪ್ಪ ಬೇಕರಿ ಮಾಮನನ್ನು ಕೇಳಿದ. "ಆ ಸ್ಕೂಲು ನಿಮಗೆ ಏನು ಕೊಡ್ತು?"

"ಕೆಲಸ ಕೊಡಲಿಲ್ಲ ಅಣ್ಣ. ಸುಳ್ಳು ಯಾಕೆ ಹೇಳಲಿ? ನಾನೀಗ ಬ್ರೆಡ್ ಮಾಡ್ತೀನಿ."

"ಮತ್ತೆ ಇವಳನ್ನ ಯಾವ ಧೈರ್ಯದ ಮೇಲೆ ಕಳಿಸಲಿ?"

ಮಾಮ ಅಂಟು ಕಲಕತೊಡಗಿದರು.

ಮೂವರೂ ಕೆಲಸಕ್ಕಿಳಿದರು. ಒಬ್ಬರು ಕೈ ಚಾಚಿದರೆ ಇನ್ನೊಬ್ಬರು ಬೇಕಾದ ಬ್ರಷ್ಷನ್ನೇ ಕೊಡುತ್ತಿದ್ದರು. ಕನ್ನಡಕದವರ ಕಣ್ಣೀರು ಮೂಗಿನ ತುದಿಗೆ ಬಂದಾಗ ಟ್ಯಾಕ್ಸಿ ಅಕ್ಕ, ಪರದೆ ಮೇಲೆ ಬೀಳಿಸಬೇಡ್ವೋ ಎಂದು ಗದರಿದರು. ಹಾಗೆ ಗದರುತ್ತಿದ್ದವಳು ಅತ್ತೆ. ಅದೇ ಮಾತು, ಅದೇ ರಾಗ.

ನೀಲಿ ಕಲಸುವ ಕೆಲಸ ಅಳಿಲಿನದಾಯಿತು. ಹಚ್ಚಿದಳು, ಒಣಗಿಸಿದಳು, ಆಕಾಶದ ಮೇಲಿಟ್ಟು ನೋಡಿದಳು. ಪೇಲವ. ಇನ್ನಷ್ಟು ಪುಡಿ ಹಾಕಿದಳು. ಡಬ್ಬಿಯಲ್ಲಿ ಬಣ್ಣ ಕಪ್ಪಗೆ, ತಪ್ಪೆಂಬಂತೆ ಕಾಣುತ್ತಿತ್ತು. ಒಣಗಿಸಿ ಇಟ್ಟಾಗ ಬಟ್ಟೆಯ ಚೂರು ಅತ್ತೆಯ ಆಕಾಶದೊಳಗೆ ಸೇರಿ ಕಾಣದಾಯಿತು. ಆ ನೀಲಿಯಿಂದಲೇ ನಾಲ್ವರೂ ಸೇರಿ ತೇಪೆಯನ್ನು ಮುಚ್ಚಿದರು.

ಮನೆಗೆ ಹೋಗುವಾಗ ಬೈಕಿನ ಹಿಂದೆ ಕುಳಿತು ಅವಳು ಕೇಳಿದಳು, "ಅಪ್ಪಾ, ಆ ಸ್ಕೂಲಿಗೆ ಬಸ್ಸು ಎಲ್ಲಿ ಹತ್ತಬೇಕು?"

"ಅತ್ತೆ ಬಿದ್ದಳಲ್ಲ, ಅದೇ ಸ್ಟಾಪು," ಅಂದ ಅಪ್ಪ. "ಪರೀಕ್ಷೆ ದಿನ ನಾನೂ ಬರ್ತೀನಿ. ಉಳಿದದ್ದು ಆಮೇಲೆ ನೋಡೋಣ."

ಅಳಿಲು ಅವನ ಬೆನ್ನಿಗೆ ಕೆನ್ನೆಯಿಟ್ಟಳು.

ಮನೆಯಲ್ಲಿ ಅಜ್ಜಿ ಅತ್ತೆಯ ಹಾಸಿಗೆಯ ಪಕ್ಕ ಕಣ್ಣುಮುಚ್ಚಿ ಕುಳಿತಿದ್ದಳು. ಅಳಿಲೂ ಹೋಗಿ ಕುಳಿತು ಕೈ ಮುಗಿದಳು. ಉಗುರುಗಳ ಸಂದಿನಲ್ಲಿ ನೀಲಿ ಉಳಿದಿತ್ತು.

"ದೇವರೇ," ಎಂದಳು ಅಜ್ಜಿ ಮೆಲ್ಲಗೆ, "ನನ್ನ ಮಗಳು ಬದುಕಿಡೀ ಬಗ್ಗಿ ಕೆಲಸ ಮಾಡಿದಳು. ಅವಳ ಮಂಡಿಗೆ, ಬೆನ್ನಿಗೆ ಇನ್ನು ವಿಶ್ರಾಂತಿ ಕೊಡಪ್ಪಾ. ಅವಳ ಆತ್ಮಕ್ಕೆ ಶಾಂತಿ ಕೊಡು."

"ಶಾಂತಿ ಕೊಡು," ಎಂದಳು ಅಳಿಲು.