ಬರೀ ತುಟಿಯ ಹಾಡು

“ನೀವು ಹಾಡ್ತಿಲ್ಲ. ಬರೀ ತುಟಿ ಆಡಿಸ್ತೀರಿ,” ಎಂದ ಅವನು.

ಅವಳು ಮೊಣಕಾಲೂರಿ ಕೂತು ಚರ್ಚಿನ ಗಾಯಕರ ತಂಡ ಕ್ವಾಯರ್‌ಗಾಗಿ ಹೊಲಿದ ಅವನ ನಿಲುವಂಗಿಯ ಅಂಚು ಮಡಿಸುತ್ತಿದ್ದಳು. ದರ್ಜಿಯ ಬಾಯಲ್ಲಿ ಆರು ಗುಂಡುಸೂಜಿ ಇರುವಾಗ ಇಂಥ ಮಾತಾಡುವುದು ಶುದ್ಧ ಅನ್ಯಾಯ. ಅವಳು ಕಣ್ಣಲ್ಲೇ ಗದರಿದಳು.

ಅವನು ಕ್ವಾಯರ್ ಸೇರಿ ಎರಡೇ ತಿಂಗಳು. ಕಿವಿ ಮಂದವಾದವರಿಗೆ ಶ್ರವಣಯಂತ್ರ ಹೊಂದಿಸುವ ಕೆಲಸ. ಅವಳ ಎರಡು ವರ್ಷದ ಗುಟ್ಟು ಇಂಥವನಿಗೇ ಸಿಗಬೇಕೆ? ಕಳೆದ ವಾರ ಅವನು ಕ್ವಾಯರ್ ಮಾಸ್ಟರ್ ಹತ್ತಿರ ಏನೋ ಪಿಸುಗುಟ್ಟಿದ್ದನ್ನೂ ಅವಳು ಕಂಡಿದ್ದಳು. ಕ್ವಾಯರ್‌ನಿಂದ ತೆಗೆದುಹಾಕಿದರೆ ದೇವರ ಹತ್ತಿರ ಅವಳಿಗೆ ಉಳಿದಿದ್ದ ಒಂದೇ ಜಾಗವೂ ಹೋದಂತೆ.

ಸೂಜಿಗಳನ್ನು ಒಂದೊಂದಾಗಿ ತೆಗೆದಳು. “ಮಾಸ್ಟರ್‌ಗೆ ಚಾಡಿ ಹೇಳಿ ಆಯ್ತಲ್ಲ?”

“ನಿಮ್ಮ ಪಕ್ಕ ಜಾಗ ಕೊಡಿ ಅಂದೆ, ಅಷ್ಟೇ. ಎದುರು ಸಾಲಲ್ಲಿ ನಿಂತ ನನಗೆ ನಿಮ್ಮ ದನಿ ಕೇಳಿಸ್ತಿರಲಿಲ್ಲ.” ಅವನ ಕಿವಿ ಕೆಂಪಾಯಿತು.

ಅವಳ ಸಿಟ್ಟು ಠುಸ್ಸೆಂದಿತು. “ಅಪ್ಪ ಬದುಕಲಿ ಅಂತ ಮೂರು ತಿಂಗಳು ಬೇಡಿಕೊಂಡೆ. ಹೋಗಿಬಿಟ್ರು. ಆಮೇಲೆ ಸ್ತುತಿ ಹಾಡೋಕೆ ಹೋದ್ರೆ ಸುಳ್ಳು ಹೇಳಿದ ಹಾಗೆ ಅನಿಸತ್ತೆ. ಯೇಸುವಿಗೆ ಸುಳ್ಳು ಹೇಳಬಾರದು ಅಂತ ಸುಮ್ಮನಿದ್ದೀನಿ.”

“ಹಾಗಾದ್ರೆ ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲು ಯಾಕೆ ಬರ್ತೀರಿ?”

ಅವಳು ಮತ್ತೆ ಅಂಚಿಗೆ ಸೂಜಿ ಚುಚ್ಚತೊಡಗಿದಳು.

“ನನ್ನ ಹತ್ರ ಬರೋ ತಾತಂದಿರಲ್ಲಿ ರೇಗಾಡೋರೇ ಮೇಲು. ಚೆನ್ನಾಗಿ ಬೈತಾರೆ, ಮತ್ತೆ ಬರ್ತಾರೆ. ಯಂತ್ರಾನ ಸುಮ್ಮನೆ ಡ್ರಾಯರ್‌ಗೆ ಹಾಕಿಬಿಡೋರಿಗೆ ನಾನೇನು ಮಾಡಲಿ? ನೀವೂ ದೇವರಿಗೆ ಬಾಯಿಬಿಟ್ಟು ಬೈದುಬಿಡಿ. ಕೇಳಿಸಿಕೊಳ್ಳೋಕೆ ಆತನಿಗೆ ನನ್ನ ಯಂತ್ರ ಬೇಕಿಲ್ಲ.”

ಎಷ್ಟೋ ದಿನದ ಮೇಲೆ ಅವಳು ನಕ್ಕಳು.

ಅವನು ಹೋದ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂತು ದೇವರ ಮೇಲೆ ಮನಸಾರೆ ರೇಗಿದಳು. ಅತ್ತಳು. ಕೊನೆಗೆ, “ಆದ್ರೂ ನಿನ್ನ ಬಿಟ್ಟು ಇರೋಕಾಗಲ್ಲಪ್ಪ,” ಅಂದುಬಿಟ್ಟಳು. ಎರಡು ವರ್ಷ ಹೊತ್ತಿದ್ದ ಭಾರ ಇಳಿದು ಎದೆ ಹಗುರಾಯಿತು.

ಭಾನುವಾರ, ಎರಡನೇ ಚರಣಕ್ಕೆ ಅವಳ ದನಿ ಹೊರಬಂತು. ಒಡಕು ದನಿ, ಶ್ರುತಿಯೂ ತಪ್ಪಿತ್ತು. ಒಂದೊಂದು ಪದವನ್ನೂ ಅವಳು ಮನಸ್ಸಿಟ್ಟೇ ಹಾಡಿದಳು. ಪಕ್ಕದಲ್ಲಿದ್ದವನು ಹಾಡು ಮರೆತು ಬರೀ ತುಟಿ ಆಡಿಸುತ್ತಿದ್ದ. ಮಾಸ್ಟರ್ ಅವನತ್ತ ಕಣ್ಣು ಕೆಕ್ಕರಿಸಿದರು.

ಚರ್ಚಿನ ಮೆಟ್ಟಿಲಿಳಿಯುವಾಗ ಅವಳು ಕೇಳಿದಳು: “ನೀವ್ಯಾಕೆ ಹಾಡಲಿಲ್ಲ?”

“ನಿಮ್ಮ ದನಿ ಕೇಳ್ತಿದ್ದೆ. ನೀವು ಹೂಂ ಅಂದ್ರೆ ಜೀವನಪೂರ್ತಿ ಹೀಗೇ ಪಕ್ಕದಲ್ಲಿ ನಿಂತು ಕೇಳ್ತೀನಿ.”

ಈ ಸಲ ಅವಳ ಬಾಯಲ್ಲಿ ಸೂಜಿ ಇರಲಿಲ್ಲ. “ಹೂಂ,” ಅಂದಳು, ಇಡೀ ಅಂಗಳ ತಿರುಗಿ ನೋಡುವಷ್ಟು ಜೋರಾಗಿ.