ಆನೆ ಗ್ರೂಪಿನಲ್ಲಿ ಗೇರ್ ಆಯಿಲ್

“ಅಮ್ಮಾ, ಇನ್ನೂ ತೊಟ್ಟಿಕ್ತಾನೇ ಐತೆ!”

ಪೂಜಿತಾ ಅಂಗಳದ ಮಣ್ಣಿಗೆ ಕೆನ್ನೆ ತಾಗಿಸಿ ಎಟಿವಿಯ ಅಡಿಗೆ ಇಣುಕುತ್ತಿದ್ದಳು. ಹಿಂದಿನ ಗೇರ್‌ಬಾಕ್ಸಿನ ಹೊಟ್ಟೆಯಿಂದ ಕಪ್ಪು ಎಣ್ಣೆ ಬೀಳುತ್ತಿತ್ತು.

“ಅದು ಕೊನೇ ತೊಟ್ಟು ಕಣೆ. ಒಳಗೆ ಏನೂ ಉಳಿದಿಲ್ಲ,” ಎಂದಳು ಗಾಡಿಯ ಆ ಬದಿಯಲ್ಲಿ ಕೂತಿದ್ದ ಅಮ್ಮ. “ಮೊದ್ಲು ಯೂನಿಫಾರ್ಮ್ ಬಿಚ್ಚಾಕಿ ಬಾ. ಆ ಕಲೆ ತಿಕ್ಕೋಳು ನಾನು.”

ಎಟಿವಿ ಅಂದರೆ ದಪ್ಪ ಚಕ್ರದ ನಾಲ್ಕು ಗಾಲಿ ಬೈಕು. ಯಾವುದೋ ಹೋಮ್‌ಸ್ಟೇಯವರು ಮಾರಿದ್ದನ್ನು ಪೂಜಿತಾಳ ಅಮ್ಮ ಸುಚಿತ್ರಾ ಕೊಂಡುಕೊಂಡು, ಹಿಂದೆ ಒಂದು ಪುಟ್ಟ ಟ್ರಾಲಿ ಸೇರಿಸಿದ್ದಳು. ಗೊಬ್ಬರ, ಕಾಫಿ ಮೂಟೆ, ಬಾಳೆಗೊನೆ ಎಲ್ಲದಕ್ಕೂ ಅದೇ. ಆನೆ ಬಂದ ದಿನಗಳಲ್ಲಿ ಕೇರಿಯ ಮಕ್ಕಳಿಗೂ ಅದೇ.

ಈಗ ಆನೆ ಬಂದಿದ್ದವು. ಕೆಳಗಿನ ಗದ್ದೆ ಬಯಲಿನಲ್ಲಿ ಮರಿಗಳ ಸಮೇತ ಬೀಡುಬಿಟ್ಟಿದ್ದವು. ಶಾಲೆ ಇರುವ ಹೆತ್ತೂರಿಗೆ ಹೋಗುವ ರಸ್ತೆ ಅಲ್ಲೇ ಹಾಯುತ್ತದೆ. ಹಾಗಾಗಿ ಅಮ್ಮ ಮಕ್ಕಳನ್ನು ಗುಡ್ಡದ ಮೇಲಿನ ಮಣ್ಣುದಾರಿಯಲ್ಲಿ ಬಸ್ಸಿನ ತನಕ ಬಿಟ್ಟು, ಸಂಜೆ ಕರೆತರುತ್ತಿದ್ದಳು. ಜೀಪು ಹಿಡಿಸದಷ್ಟು ಸಪೂರ ದಾರಿ. ಅದರ ಏರು ನೋಡಿದರೇ ಉಸಿರು ಕಟ್ಟಬೇಕು. ಇವತ್ತು ವಾಪಸ್ ಬರುವಾಗ ಗಾಡಿಯ ಹೊಟ್ಟೆಗೆ ಕಲ್ಲೊಂದು ತಗುಲಿ, ಎಣ್ಣೆ ಇಳಿಸುವ ಬೋಲ್ಟು ಸಡಿಲವಾಗಿತ್ತು.

ಅಮ್ಮ ಹೊಸ ವಾಷರ್ ಹಾಕಿ ಬೋಲ್ಟನ್ನು ಬಿಗಿದಳು. ಸೋರುವುದು ನಿಂತಿತು. ಆದರೆ ತುಂಬಲು ಎಣ್ಣೆ?

ಸಕಲೇಶಪುರದ ಮೆಕ್ಯಾನಿಕ್ ನಟರಾಜ್‌ಗೆ ಫೋನ್ ಮಾಡಿದರೆ, “ಕಂಪನಿ ಆಯಿಲ್ ಬೆಂಗಳೂರಿಂದ ಬರ್ಬೇಕು ಮೇಡಂ. ನಾಲ್ಕು ದಿನ,” ಎಂದ.

“ನಾಲ್ಕು ದಿನಾನಾ!” ಪೂಜಿತಾ ಕೂಗಿಯೇ ಬಿಟ್ಟಳು. “ನಾಳೆ ಪ್ರತಿಭಾ ಕಾರಂಜಿ! ನಮ್ಮ ಕೋಲಾಟ!”

ಎಂಟು ಮಕ್ಕಳ ಕೋಲಾಟದಲ್ಲಿ ನಾಲ್ವರು ಇದೇ ಕೇರಿಯವರು. ನಾಲ್ವರೂ ಹೋಗದಿದ್ದರೆ ಉಳಿದ ನಾಲ್ವರು ಯಾರಿಗೆ ಕೋಲು ತಾಗಿಸಬೇಕು, ಗೋಡೆಗಾ?

“ಬದಲಿ ಎಣ್ಣೆ ಹಾಕ್ಬೋದಾ?” ಅಮ್ಮ ಕೇಳಿದಳು.

“ಹಾಕ್ಬೋದು. ಸಿಕ್ಕಿದ್ದೆಲ್ಲ ಹಾಕೋ ಹಾಗಿಲ್ಲ. ಬುಕ್ ಇದ್ರೆ ನೋಡಿ. ದೊಡ್ಡದಾಗಿರೋ ಕಂಪನಿ ಹೆಸರು ಬಿಟ್ಬಿಡಿ, ಅದರ ಕೆಳಗೆ ಸಣ್ಣಕ್ಷರದಲ್ಲಿ ಏನಿದೆ?”

ಪೂಜಿತಾ ಗಾಡಿಯ ಬುಕ್ ತಂದು ಬೆರಳಿಟ್ಟು ಓದಿದಳು. “ಎಯ್ಟಿ ಡಬ್ಲ್ಯೂ ನೈಂಟಿ. ಜಿ ಎಲ್ ಫೈವ್.”

“ಶಬಾಷ್. ಆ ನಂಬರ್ ಅಂದ್ರೆ ಎಣ್ಣೆ ಎಷ್ಟು ಮಂದ ಅಂತ. ಜಿ ಎಲ್ ಅಂದ್ರೆ ಗೇರಿನ ಹಲ್ಲುಗಳ ಒತ್ತಡ ಎಷ್ಟು ತಡ್ಕೊಳ್ಳುತ್ತೆ ಅಂತ. ಎರಡೂ ಸೇಮ್ ಇರ್ಬೇಕು. ಮೇಡಂ, ಬ್ರೇಕು ಆ ಗೇರ್‌ಬಾಕ್ಸ್ ಒಳಗೇ ಇದ್ಯಾ?”

“ಇಲ್ಲ, ಹೊರಗಡೆ ಐತೆ.”

“ಬಚಾವ್. ಒಳಗಿದ್ದಿದ್ರೆ ಬೇರೆ ಎಣ್ಣೆಗೆ ಬ್ರೇಕ್ ಜಾರ್ಬೋದು, ಬದಲಿ ಬೇಡವೇ ಬೇಡ ಅಂತಿದ್ದೆ. ಎರಡೂ ಸೇಮ್ ಇರೋದು ಸಿಕ್ಕಿದ್ರೆ ಹಾಕ್ಕೊಳ್ಳಿ. ಕಂಪನೀದು ಬಂದ್ಮೇಲೆ ಬದಲಾಯಿಸೋಣ.”

ಫೋನನ್ನು ಮಗಳ ಕೈಗೆ ಕೊಟ್ಟು ಅಮ್ಮ ಹಾಲು ಕರೆಯಲು ಕೊಟ್ಟಿಗೆಗೆ ಹೋದಳು.

ಪೂಜಿತಾಳಿಗೆ ಒಂದು ಉಪಾಯ ಹೊಳೆಯಿತು. ಊರವರೆಲ್ಲ ಇರುವ ಗ್ರೂಪ್ ಒಂದಿತ್ತು. ಆನೆ ಎಲ್ಲಿದೆ ಎಂದು ಒಬ್ಬರಿಗೊಬ್ಬರು ತಿಳಿಸುವ ಗ್ರೂಪ್. ಅದರಲ್ಲಿ ವಾಯ್ಸ್ ಮೆಸೇಜ್ ಹಾಕಿದಳು. “ನಾನು ಪೂಜಿತಾ. ನಮ್ ಎಟಿವಿ ಗೇರ್ ಆಯಿಲ್ ಖಾಲಿಯಾಗ್ಬುಟೈತೆ. ಯಾರತ್ರನಾದ್ರೂ ಇದ್ರೆ ಕೊಡಿ. ನಾಳೆ ಕೋಲಾಟ ಐತೆ. ಪ್ಲೀಸ್.”

ನಂಬರ್ ಹೇಳುವುದನ್ನೇ ಮರೆತಿದ್ದಳು.

ತಕ್ಷಣ ಯಾರೋ ಬರೆದರು: “ಇದು ಆನೆ ಗ್ರೂಪ್ ಕಣಮ್ಮ. ಎಣ್ಣೆ ಗ್ರೂಪ್ ಅಲ್ಲ.” ಇನ್ನೊಬ್ಬರು ಬರೆದರು: “ಆನೆಗೆ ಗೇರ್ ಆಯಿಲ್ ಯಾಕೆ?” ಆಮೇಲೆ ನಗುವ ಮುಖಗಳ ಮೆರವಣಿಗೆ.

ನಕ್ಕರೆ ನಕ್ಕರು. ಸ್ವಲ್ಪ ಹೊತ್ತಿಗೆ ಜನ ಬರತೊಡಗಿದರು. ನಮ್ಮ ಕಡೆ ಹಾಗೇ. ಪಕ್ಕದ ಮನೆಗೆ ಬೇಕು ಅಂದರೆ ಇದ್ದದ್ದನ್ನು ಹಿಡಿದುಕೊಂಡೇ ಬರುತ್ತಾರೆ. ತಂದದ್ದನ್ನು ಬೇಡ ಅನ್ನುವುದು, ಕೊಟ್ಟ ಕಾಫಿ ಲೋಟವನ್ನು ಹಾಗೇ ಹಿಂದಕ್ಕೆ ತಳ್ಳಿದ ಹಾಗೆ.

ಮೊದಲು ಪ್ರಜ್ವಲ್ ಓಡಿ ಬಂದ. ಕೋಲಾಟದಲ್ಲಿ ಪೂಜಿತಾಳ ಜೋಡಿ ಅವನು. ಕೈಯಲ್ಲಿ ಬೆರಳುದ್ದದ ಬಾಟಲಿ.

“ಇದೇನೋ?”

“ಅಜ್ಜಿ ಹೊಲಿಗೆ ಮಿಷಿನ್ ಎಣ್ಣೆ.”

“ಲೋ ಮಾರಾಯ, ಇದ್ರಲ್ಲಿ ಗೇರಿನ ಒಂದು ಹಲ್ಲೂ ನೆನೆಯಲ್ಲ!”

“ಅಜ್ಜಿ ಅಂದ್ಳು, ಎಣ್ಣೆ ಎಣ್ಣೆನೇ ಅಂತ. ನಾನೇನ್ ಮಾಡ್ಲಿ?”

ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದಾಗ ಕೃಷ್ಣಪ್ಪ ತಾತ ಬಂದರು. ಅವರ ಮನೆ ಇರುವುದು ಗುಡ್ಡದ ಏರು ಶುರುವಾಗುವ ಕಡೆ. ಮಂಡಿ ನೋವಿನ ತಾತ ನಾಲ್ಕು ಹೆಜ್ಜೆಗೊಮ್ಮೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಮತ್ತೆ ನಡೆಯುತ್ತ ಬಂದರು. ಇನ್ನೊಂದು ಕೈಯಲ್ಲಿ ತುಂಬಿದ ಕ್ಯಾನು.

“ತಗಾ ಮಗ. ನನ್ನ ಹಳೇ ಟ್ರ್ಯಾಕ್ಟರ್‌ಗೆ ಅಂತ ಇಟ್ಟಿದ್ದು. ಟ್ರ್ಯಾಕ್ಟರ್ ಹೋಯ್ತು, ಎಣ್ಣೆ ಉಳೀತು. ನೋಡು, ಹೆಂಗೈತೆ, ಜೇನುತುಪ್ಪ!”

ಮುಚ್ಚಳ ತೆಗೆದು ಕಡ್ಡಿ ಅದ್ದಿ ಎತ್ತಿದರು. ಎಣ್ಣೆ ದಾರದ ಹಾಗೆ ಇಳಿಯಿತು. ಕ್ಯಾನಿನ ಮೇಲೆ 140 ಎಂದಿತ್ತು; ಬುಕ್ಕಿನಲ್ಲಿದ್ದದ್ದು ನೈಂಟಿ. ಪೂಜಿತಾ ಅದನ್ನು ನೋಡಿದಳು. ತಾತನ ಮುಖವನ್ನೂ ನೋಡಿದಳು. ಹಣೆಯಲ್ಲಿ ಬೆವರು, ಬಾಯ್ತುಂಬ ನಗು.

“ಇದನ್ನೇ ಹಾಕ್ತೀರ ತಾನೇ?”

“ಹೂಂ ತಾತ. ಇದನ್ನೇ ಹಾಕ್ತೀವಿ.”

“ಹಂಗನ್ನು!” ತಾತ ಅವಳ ತಲೆ ಸವರಿ, ಮತ್ತೆ ನಿಂತು ನಿಂತು ಹೊರಟುಹೋದರು.

ಅಮ್ಮ ಹಾಲಿನ ಬಕೆಟ್ ಇಟ್ಟು ಕ್ಯಾನು ನೋಡಿದಳು. ತಲೆಯಾಡಿಸಿದಳು.

“ಇದು ತುಂಬಾ ಮಂದ ಕಣೆ. ಬೆಳಿಗ್ಗೆ ಚಳಿಗೆ ಇನ್ನೂ ಗಟ್ಟಿ ಆಗ್ತೈತೆ. ಇದು ಗೇರಿನ ಸಂದಿಗೆ ಇಳಿಯೋಷ್ಟರಲ್ಲಿ ಹಲ್ಲು ಹಲ್ಲು ಉಜ್ಜಿ ಸವೆದುಹೋಗಿರ್ತಾವೆ. ಏರಿನ ಮಧ್ಯೆ ಗಾಡಿ ನಿಂತ್ರೆ? ಹಿಂದೆ ಟ್ರಾಲೀಲಿ ನೀವಿರ್ತೀರ.”

“ಆದ್ರೆ ನಾನು ಹಾಕ್ತೀವಿ ಅಂದ್ಬುಟ್ಟೆ.”

“ನಂಬರ್ ನೋಡ್ಲಿಲ್ವಾ?”

“ನೋಡ್ದೆ.” ಪೂಜಿತಾಳ ದನಿ ಸಣ್ಣದಾಯಿತು. “ಅಷ್ಟು ದೂರ ಹೊತ್ಕಂಡ್ ಬಂದಿದ್ರು ಅಮ್ಮ. ಬೇಡ ಅನ್ನಕ್ಕೆ ಆಗ್ಲಿಲ್ಲ.”

ಅಮ್ಮ ಬೈಯಲಿಲ್ಲ. “ಹಾಕ್ತೀನಿ ಅಂದೋಳು ನೀನು. ಹಾಕ್ಲಿಲ್ಲ ಅಂತ ನೀನೇ ಹೇಳ್ಬೇಕು,” ಎಂದಳು ಅಷ್ಟೇ.

ಕತ್ತಲಾಗುವ ಮೊದಲು ಜೀಪಿನ ಧರ್ಮಣ್ಣ ಸೀಲು ಒಡೆಯದ ಡಬ್ಬಿ ಹಿಡಿದು ಬಂದ. “ಜೀಪಿನ ಹಿಂದಿನ ಗೇರಿಗೆ ತಂದಿಟ್ಟಿದ್ದೆ ಅಕ್ಕ. ಆನೆ ದೆಸೆಯಿಂದ ಜೀಪು ಹೆಂಗೂ ಮನೇಲೇ ಮಲಗೈತೆ.” ಪೂಜಿತಾ ಈ ಸಲ ಬುಕ್ಕನ್ನೂ ಡಬ್ಬಿಯನ್ನೂ ಪಕ್ಕಪಕ್ಕ ಹಿಡಿದು ಒಂದೊಂದೇ ಅಕ್ಷರ ಹೋಲಿಸಿದಳು. ಕಂಪನಿ ಬೇರೆ. ನಂಬರ್ ಅದೇ. ಜಿ ಎಲ್ ಫೈವ್ ಕೂಡ ಅದೇ. ಅಮ್ಮ ಫೋಟೋ ಕಳಿಸಿದಳು. “ಧಾರಾಳವಾಗಿ ಹಾಕಿ,” ಎಂದು ನಟರಾಜ್ ಉತ್ತರ ಕೊಟ್ಟ.

ಎಣ್ಣೆ ತುಂಬಿತು. ಅಂಗಳದಲ್ಲಿ ಎರಡು ಸುತ್ತು ಹೊಡೆದರು. ಗೇರು ಸದ್ದಿಲ್ಲದೆ ತಿರುಗಿತು. ಪೂಜಿತಾ ಮಾತ್ರ ರಾತ್ರಿ ಊಟಕ್ಕೆ ಕೂತಾಗಲೂ ಮುದ್ದೆಯನ್ನು ಸುಮ್ಮನೆ ಉರುಳಿಸುತ್ತಿದ್ದಳು. ತಾತನಿಗೆ ಹೇಳದಿದ್ದರೆ ಏನಾಗುತ್ತದೆ? ಅವರೇನು ಗೇರ್‌ಬಾಕ್ಸ್ ಬಿಚ್ಚಿ ನೋಡುತ್ತಾರಾ?

ಬೆಳಿಗ್ಗೆ ಮಂಜು. ನಾಲ್ಕು ಮಕ್ಕಳು ಬಣ್ಣದ ಬಟ್ಟೆ ಹಾಕಿಕೊಂಡು, ತೊಡೆಯ ಮೇಲೆ ಕೋಲು ಇಟ್ಟುಕೊಂಡು ಟ್ರಾಲಿಯಲ್ಲಿ ಕೂತರು. ಪ್ರಜ್ವಲನ ಪೇಟ ಕಣ್ಣಿನ ತನಕ ಇಳಿದಿತ್ತು.

ಏರು ಶುರುವಾಗುವ ಕಡೆ ಕೃಷ್ಣಪ್ಪ ತಾತ ಗೇಟಿನ ಹತ್ತಿರ ನಿಂತಿದ್ದರು. ಗಾಡಿಯ ಸದ್ದಿಗೆ ಕಿವಿಗೊಟ್ಟು, ದೂರದಿಂದಲೇ ಕೂಗಿದರು. “ಆಹಾ! ಕೇಳಿದ್ರೇನ್ರೋ? ಬೆಣ್ಣೆ ಹಂಗೆ ಓಡ್ತೈತೆ! ನನ್ನ ಎಣ್ಣೆ ಅಂದ್ರೆ ಸುಮ್ನೆನಾ?”

ಧರ್ಮಣ್ಣನ ಎಣ್ಣೆಯ ವಿಷಯ ಗೊತ್ತಿದ್ದ ಮಕ್ಕಳು ಪೂಜಿತಾಳನ್ನು ನೋಡಿದರು. ಪ್ರಜ್ವಲ್ ಮೊಣಕೈಯಿಂದ ತಿವಿದು, “ಸುಮ್ನಿರೇ, ಲೇಟಾಗುತ್ತೆ,” ಎಂದು ಪಿಸುಗುಟ್ಟಿದ.

“ಅಮ್ಮ, ನಿಲ್ಸು.”

ಇಳಿದಳು. ಗೆಜ್ಜೆ ಝಲ್ ಎಂದಿತು. ತಾತನ ಎದುರು ಹೋಗಿ ನಿಂತಳು.

“ತಾತ, ನಿಮ್ಮ ಎಣ್ಣೆ ಹಾಕಿಲ್ಲ. ಅದು ಈ ಗಾಡಿಗೆ ತುಂಬಾ ಮಂದ ಆಗುತ್ತಂತೆ. ನಂಗೆ ನಿನ್ನೆನೇ ಅನುಮಾನ ಇತ್ತು. ಆದ್ರೂ ಹಾಕ್ತೀವಿ ಅಂದ್ಬುಟ್ಟೆ. ಧರ್ಮಣ್ಣಂದು ಹಾಕಿದ್ವಿ.”

ತಾತನ ನಗು ನಿಂತಿತು. ಇಂಜಿನ್ ಮಾತ್ರ ಗುಡುಗುಡು ಅನ್ನುತ್ತಿತ್ತು.

“ಧರ್ಮಂದಾ?”

“ಹೂಂ.”

“ಆ ಧರ್ಮ ಜೀಪಿಗೆ ನೀರು ಹಾಕೋದನ್ನೇ ಮರೀತಾನೆ. ಅವ್ನತ್ರ ಸರಿಯಾದ ಎಣ್ಣೆ ಇತ್ತಾ?”

“ನಾನೇ ನಂಬರ್ ನೋಡ್ದೆ ತಾತ. ಬುಕ್ ಪಕ್ಕದಲ್ಲಿಟ್ಟು ನೋಡ್ದೆ.”

“ಏರು ಹತ್ತುತ್ತಾ?”

“ಹತ್ತುತ್ತೆ.”

“ಮತ್ತೆ ಇಳಿದು ಯಾಕೆ ನಿಂತಿದೀಯ? ಹತ್ತು ಹತ್ತು! ಕೋಲಾಟಕ್ಕೆ ಟೈಮಾಗಲ್ವಾ?” ತಾತ ಕೈಯೆತ್ತಿ ಗುಡ್ಡದ ಕಡೆ ತೋರಿಸಿ ಅಮ್ಮನಿಗೆ ಹೇಳಿದರು. “ಸುಚಿತ್ರಾ, ಧೈರ್ಯವಾಗಿ ಹೋಗವ್ವ. ತಿರುವಿನ ತನಕ ನೋಡ್ಕಂಡು ಬಂದೀನಿ. ಎಲ್ಲೂ ಹೊಸ ಲದ್ದಿ ಇಲ್ಲ, ಒಂದು ಕೊಂಬೆನೂ ಮುರಿದಿಲ್ಲ.”

“ಒಬ್ರೇ ಹೋಗಿದ್ರಾ ಮಾವ? ಈ ಮಂಡಿ ಇಟ್ಕಂಡು? ಆನೆ ಎದುರಿಗೆ ಬಂದಿದ್ರೆ?”

“ಬಂದಿದ್ರೆ ಅದೇ ನನ್ನ ಹೊತ್ಕಂಡು ಬಂದು ಮನೆಗೆ ಬಿಡ್ತಿತ್ತು ಬಿಡು. ಮಂಡಿಗೂ ಆರಾಮ.”

ಪೂಜಿತಾ ಆಗ ನೋಡಿದಳು. ತಾತನ ಪಂಚೆ ಮೊಣಕಾಲ ತನಕ ಇಬ್ಬನಿಯಲ್ಲಿ ನೆನೆದಿತ್ತು. ಅಂಚಿಗೆಲ್ಲ ಹುಲ್ಲಿನ ಮುಳ್ಳು ಮೆತ್ತಿಕೊಂಡಿತ್ತು.

ಅವಳು ಟ್ರಾಲಿ ಹತ್ತಿದಳು. ಅಮ್ಮ ಸಣ್ಣ ಗೇರಿಗೆ ಹಾಕಿದಳು. ಗಾಡಿ ಒಮ್ಮೆ ಮೂತಿ ಎತ್ತಿ, ಮಣ್ಣು ಕಚ್ಚಿ, ಏರು ಹತ್ತತೊಡಗಿತು. “ಹತ್ತಿತು, ಹತ್ತಿತು!” ಎಂದು ಪ್ರಜ್ವಲ್ ಕೋಲು ಕುಟ್ಟಿದ. ಉಳಿದವರೂ ಕುಟ್ಟಿದರು. ಹಿಂದಿನಿಂದ ತಾತನ ದನಿ ಕೇಳಿತು: “ಬಹುಮಾನ ಬರದಿದ್ರೂ ಪರವಾಗಿಲ್ಲ, ಒಬ್ಬರ ತಲೆಗೊಬ್ರು ಹೊಡೀಬ್ಯಾಡಿ!”

ಪೂಜಿತಾ ಕೋಲು ಕುಟ್ಟಲಿಲ್ಲ. ಪಕ್ಕಕ್ಕೆ ಬಗ್ಗಿ ದಾರಿಯನ್ನೇ ನೋಡುತ್ತಿದ್ದಳು. ಹಸಿ ಮಣ್ಣಿನಲ್ಲಿ ಚಪ್ಪಲಿಯ ಗುರುತುಗಳಿದ್ದವು. ಒತ್ತೊತ್ತಾಗಿ ನಾಲ್ಕು ಹೆಜ್ಜೆ, ಆಮೇಲೆ ನಿಂತ ಗುರುತು. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ನಿಂತ ಗುರುತು. ಪಕ್ಕದಲ್ಲಿ ವಾಪಸ್ ಬಂದ ಗುರುತೂ ಇತ್ತು.

“ಏನೇ ಅಷ್ಟೊಂದು ನೋಡ್ತಿದೀಯ?” ಪ್ರಜ್ವಲ್ ಕೇಳಿದ.

“ಏನಿಲ್ಲ,” ಎಂದಳು. ಆಮೇಲೆ ಮುಂದಕ್ಕೆ ಬಾಗಿ, “ಅಮ್ಮಾ, ಸ್ವಲ್ಪ ಬಲಗಡೆಗೆ ಓಡ್ಸು,” ಎಂದಳು.

ಅಮ್ಮ ದಾರಿಯತ್ತ ಒಮ್ಮೆ ನೋಡಿದಳು. ಗಾಡಿಯನ್ನು ಬಲಕ್ಕೆ ಸರಿಸಿದಳು. ಹೆಜ್ಜೆ ಗುರುತುಗಳು ಎಡಗಡೆ, ಚಕ್ರಕ್ಕೆ ಸಿಗದೆ, ತಿರುವಿನ ತನಕ ಜೊತೆಗೇ ಬಂದವು.