ಕಿತ್ತಳೆ ಸಿಪ್ಪೆ ಹೋದ ದಿಕ್ಕು

"ಎಷ್ಟಿದೆ?"

"ಎರಡು ಪಟ್ಟಿ!"

"ಈಗ?"

"ಒಂದೂವರೆ... ಅಯ್ಯೋ, ಒಂದೂಕಾಲು! ನಿಧಾನ ಅಜ್ಜ, ನಿಧಾನ!"

ಬೆನೆದಿತಾ ದೋಣಿಯ ಮೂತಿಯಲ್ಲಿ ಬೋರಲು ಮಲಗಿ, ಹುಟ್ಟನ್ನು ನೀರಿಗೆ ಚುಚ್ಚಿ ಚುಚ್ಚಿ ನೋಡುತ್ತಿದ್ದಳು. ಆ ಹುಟ್ಟಿಗೆ ಅಜ್ಜ ಔರೆಲಿಯು ಕೆಂಪು ಬಣ್ಣದಲ್ಲಿ ಮೂರು ಪಟ್ಟಿ ಬಳಿದಿದ್ದ. ಹುಟ್ಟು ಕೆಸರಿಗೆ ತಾಗಿದಾಗ ಎಷ್ಟು ಪಟ್ಟಿ ಮುಳುಗಿವೆಯೋ ಅಷ್ಟು ಆಳ. ಒಂದಕ್ಕಿಂತ ಕಮ್ಮಿಯಾದರೆ ಮೋಟರಿನ ರೆಕ್ಕೆ ಕೆಸರಿಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ದೇವರೇ ಗತಿ.

"ಎರಡು! ಮತ್ತೆ ಎರಡಾಯ್ತು!"

"ಹಾಗಾದ್ರೆ ದಿಬ್ಬ ದಾಟಿದ್ವಿ!" ಅಜ್ಜ ಮೋಟರಿನ ಹಿಡಿ ಬಿಟ್ಟು ಚಪ್ಪಾಳೆ ತಟ್ಟಿದ. ದೋಣಿ ಸೀದಾ ಜೊಂಡಿನೊಳಗೆ ನುಗ್ಗಿತು.

"ಅಜ್ಜಾ, ಹಿಡಿ!"

ದೋಣಿಯ ಹೆಸರು ತೈಮೋಜಾ. ಅಂದರೆ ಹಟಮಾರಿ. ಹತ್ತು ಸಲ ಹಗ್ಗ ಎಳೆದರೆ ಒಂದು ಸಲ ಅದರ ಮೋಟರು ಗೊರ್ ಅನ್ನುತ್ತಿತ್ತು. ಬೆನೆದಿತಾಳ ಅಮ್ಮ ಹೇಳುವ ಪ್ರಕಾರ ಆ ಹೆಸರು ದೋಣಿಗಿಂತ ಅದನ್ನು ಓಡಿಸುವವನಿಗೇ ಚೆನ್ನಾಗಿ ಒಪ್ಪುತ್ತಿತ್ತು.

ಅಗಲವಾದ ಅರಾದೆ ನದಿಯನ್ನು ಬಿಟ್ಟು ಅವರು ಒಂದು ಸಣ್ಣ ಕವಲಿಗೆ ತಿರುಗಿದ್ದರು. ಸಮುದ್ರ ಉಬ್ಬಿದಾಗ ಉಪ್ಪುನೀರು ನದಿಯ ತುಂಬಾ ನುಗ್ಗಿ ಬರುತ್ತದೆ, ಇಳಿದಾಗ ಬಂದ ಹಾಗೆಯೇ ವಾಪಸು ಹೋಗುತ್ತದೆ. ಆದರೆ ಈ ಕವಲಿನ ಬಾಯಲ್ಲಿ ಕೆಸರಿನ ದಿಬ್ಬ ಇದೆ. ಮಾರ್ಚ್‌ನಲ್ಲೊಮ್ಮೆ, ಸೆಪ್ಟೆಂಬರ್‌ನಲ್ಲೊಮ್ಮೆ ಬರುವ ದೊಡ್ಡ ಉಬ್ಬರಕ್ಕೆ ಮಾತ್ರ ಅದರ ಮೇಲೆ ದೋಣಿ ಹಾಯುವಷ್ಟು ನೀರು ಬರುತ್ತದೆ. ಇವತ್ತು ಆ ಮಾರ್ಚ್‌ನ ಉಬ್ಬರ.

ಕವಲಿನ ಕೊನೆಯಲ್ಲಿ ಒಂದು ಹಿಟ್ಟಿನ ಗಿರಣಿ ಇತ್ತು. ಉಬ್ಬರದ ನೀರನ್ನು ಕಟ್ಟೆ ಕಟ್ಟಿ ಹಿಡಿದು, ಇಳಿತದಲ್ಲಿ ಬಿಟ್ಟು, ಆ ನೀರಿನ ಜೋರಿಗೆ ಕಲ್ಲು ತಿರುಗಿಸುವ ಗಿರಣಿ. ಅಜ್ಜ ಹುಟ್ಟಿದ್ದು ಅಲ್ಲೇ. ಅದನ್ನು ಕಣ್ಣಾರೆ ನೋಡಿ ಅರವತ್ತು ವರ್ಷವಾಗಿತ್ತು.

ಅಮ್ಮನನ್ನು ಒಪ್ಪಿಸಲು ಒಂದು ವಾರ ಹಿಡಿದಿತ್ತು. ಚಳಿಗಾಲದಲ್ಲಿ ಅಜ್ಜ ಊರಿನ ದೋಣಿಕಟ್ಟೆಯ ಕಂಬಕ್ಕೆ ದೋಣಿ ಗುದ್ದಿದ್ದ. ಅದಕ್ಕೂ ಮುಂಚೆ ಯಾರದೋ ಬಲೆಯ ಮೇಲೆ ಓಡಿಸಿದ್ದ. ಅವನ ಕಣ್ಣು ಮೊದಲಿನ ಹಾಗಿರಲಿಲ್ಲ.

"ನೋಡಪ್ಪಾ," ಅಮ್ಮ ಊಟದ ಮೇಜು ಕುಟ್ಟಿ ಹೇಳಿದ್ದಳು, "ಇದೇ ಕೊನೇ ಸಲ. ಸಾಯಂಕಾಲ ಆರಕ್ಕೆ ಕಟ್ಟೆಗೆ ಬಂದಿರ್ಬೇಕು. ಇನ್ನೊಂದು ಎಡವಟ್ಟು ಮಾಡಿದ್ಯೋ, ದೋಣಿ ಪಕ್ಕದ್ಮನೆ ವಿಟಾಲಿನುಗೆ ಕೊಟ್ಟುಬಿಡ್ತೀನಿ. ಅವನು ಯಾವಾಗಿಂದ ಕೇಳ್ತಿದಾನೆ."

"ಎಡವಟ್ಟು ಯಾಕಾಗುತ್ತೆ? ನನ್ನ ಕನ್ನಡಕ ಜೊತೆಗೇ ಬರುತ್ತಲ್ಲ," ಅಂತ ಅಜ್ಜ ಬೆನೆದಿತಾಳ ತಲೆ ಮೊಟಕಿದ್ದ.

ಹಾಗಾಗಿ ಉಬ್ಬರದ ಗಂಟೆ ನೋಡುವ ಕೆಲಸ ಬೆನೆದಿತಾಳದ್ದು. ಅಜ್ಜ ಒಂದೇ ಮಾತು ನೆನಪಿಸಿದ್ದ. "ನಿನ್ನೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿದೆ. ಒಂದು ಸೇರಿಸೋದು ಮರೀಬೇಡ."

ಇದು ಆ ನದಿಯ ಮಕ್ಕಳಿಗೆಲ್ಲ ಗೊತ್ತಿರುವ ಮಾತು. ಮಾರ್ಚ್ ಕೊನೆಗೆ, ಬೇಸಿಗೆಯ ಬೆಳಕು ಉಳಿಸಲು ಅಂತ, ಊರಿನ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದೆ ಇಡುತ್ತಾರೆ. ಆದರೆ ಅಡುಗೆಮನೆಯಲ್ಲಿ ನೇತುಹಾಕಿರುವ ಉಬ್ಬರದ ಪುಸ್ತಕ ವರ್ಷವಿಡೀ ಹಳೇ ಗಂಟೆಯನ್ನೇ ಹೇಳುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಒಂದು ಸೇರಿಸಬೇಕು. ಬೆನೆದಿತಾ ಮರೆಯಲಿಲ್ಲ. ಪುಸ್ತಕ ಇಳಿಸಲು ಸ್ಟೂಲ್ ಬೇಕಿತ್ತು, ಸ್ಟೂಲ್ ಸಿಗಲಿಲ್ಲ. ಅಮ್ಮನ ಹಳೇ ಮೊಬೈಲಿನಲ್ಲಿ ನೋಡಿದಳು. ಉಬ್ಬರ ಪೂರ್ತಿ ಏರುವುದು ನಾಲ್ಕು ಗಂಟೆಗೆ ಅಂತ ಇತ್ತು. ಒಂದು ಸೇರಿಸಿದಳು. ಚೀಟಿಯಲ್ಲಿ ದೊಡ್ಡದಾಗಿ "5" ಅಂತ ಬರೆದು ಜೇಬಿಗೆ ಹಾಕಿಕೊಂಡಳು.

ಗಿರಣಿಯ ಮಾಡು ಕುಸಿದಿತ್ತು. ಉಳಿದ ಒಂದು ಗೋಡೆಯ ನೆತ್ತಿಯಲ್ಲಿ ಕೊಕ್ಕರೆ ಗೂಡು ಕಟ್ಟಿತ್ತು. ಅಜ್ಜ ಕಲ್ಲಿನ ಮೆಟ್ಟಿಲ ಮೇಲೆ ಕಾಲಿಟ್ಟು ಒಳಗೆ ಹೋದ. ಆಮೇಲೆ ಇಟ್ಟಿಗೆ, ಮಣ್ಣು ಸರಿಸಿ ಏನನ್ನೋ ಎಳೆಯತೊಡಗಿದ.

"ಏನಜ್ಜ ಅದು?"

"ಬೀಸುವ ಕಲ್ಲು. ಒಡೆದು ಹೋಗಿದೆ. ಒಂದು ತುಂಡಾದ್ರೂ ಇದೆಯಲ್ಲ." ಅಜ್ಜ ಕಲ್ಲಿನ ಮೇಲಿನ ಗೆರೆಗಳಲ್ಲಿ ಬೆರಳಾಡಿಸಿದ. "ನಮ್ಮಮ್ಮ ವಾರಕ್ಕೊಂದು ಸಲ ಈ ಗೆರೆಗಳನ್ನ ಉಳಿಯಿಂದ ಕೆತ್ತೋಳು. ಇದು ತಿರುಗ್ತಾ ಇದ್ರೆ ನನಗೆ ನಿದ್ದೆ. ನಿಲ್ಲಿಸಿದ್ರೆ ಎಚ್ಚರ ಆಗಿಬಿಡೋದು."

ಅವನ ಕಣ್ಣುಗಳು ತುಂಬಿದ್ದವು. ಬೆನೆದಿತಾ ಬೇರೆ ಕಡೆ ನೋಡಿದಳು. ಇಬ್ಬರೂ ಸೇರಿ ಆ ತುಂಡನ್ನು ಹೊತ್ತು ದೋಣಿಯಲ್ಲಿಟ್ಟರು. ದೋಣಿ ಗಡಗಡ ಅಲುಗಿ ಕೊಂಚ ಕೆಳಗಿಳಿಯಿತು.

"ಇದನ್ನ ಎಲ್ಲಿಡ್ತೀಯ?"

"ಮನೆ ಬಾಗಿಲಲ್ಲಿ. ಕೂತ್ಕೊಳ್ಳೋಕೆ."

"ಅಮ್ಮ ಬೈತಾಳೆ."

"ಬೈಲಿ. ಕಲ್ಲಿನ ಮೇಲೆ ಕೂತು ಬೈಸ್ಕೋತೀನಿ."

ಮೆಟ್ಟಿಲ ಮೇಲೆ ಕೂತು ಕಿತ್ತಳೆ ತಿಂದರು. ಅಜ್ಜ ಸಿಪ್ಪೆಯೊಂದನ್ನು ನೀರಿಗೆ ಎಸೆದ. ಸಿಪ್ಪೆ ಒಂದು ಕ್ಷಣ ನಿಂತಿತು. ಆಮೇಲೆ ಮೆಲ್ಲಗೆ ಕವಲಿನ ಬಾಯಿಯ ಕಡೆಗೆ, ನದಿಯ ಕಡೆಗೆ ಹೊರಟಿತು.

ಅಜ್ಜ ಹುಬ್ಬು ಗಂಟಿಕ್ಕಿದ. "ನೀರು ತಿರುಗಿದ ಹಾಗಿದೆಯಲ್ಲೇ ಬೆನೆ."

"ಇಲ್ಲ ಅಜ್ಜ, ಗಾಳಿಗೆ ಹೋಗಿರ್ಬೇಕು." ಬೆನೆದಿತಾ ಚೀಟಿ ತೆಗೆದು ತೋರಿಸಿದಳು. "ನೋಡು, ಐದು ಗಂಟೆ. ಈಗ ಇನ್ನೂ ನಾಲ್ಕೂವರೆ. ಅರ್ಧ ಗಂಟೆ ಏರುತ್ತೆ. ಒಂದು ಸೇರಿಸೇ ಬರ್ದಿದೀನಿ."

ಅಜ್ಜ ಸಿಪ್ಪೆಯನ್ನು ನೋಡಿದ. ಚೀಟಿಯನ್ನು ನೋಡಿದ. ಮೊಮ್ಮಗಳನ್ನು ನೋಡಿದ.

"ನೀನು ಬರ್ದಿದ್ರೆ ಸರಿ," ಅಂದು ಇನ್ನೊಂದು ಕಿತ್ತಳೆ ಸುಲಿದ.

ಅಲ್ಲಿಂದ ಹೊರಟಾಗ ಐದಕ್ಕೆ ಹತ್ತು ನಿಮಿಷವಿತ್ತು.

ಮೊದಲ ತಿರುವಿನಲ್ಲೇ ಬೆನೆದಿತಾ ಹುಟ್ಟು ಚುಚ್ಚಿ ನೋಡಿದಳು. ಬರುವಾಗ ಇಲ್ಲಿ ಎರಡೂವರೆ ಪಟ್ಟಿ ಇತ್ತು. ಈಗ ಎರಡು.

ತಪ್ಪಾಗಿ ಚುಚ್ಚಿದೆನೇನೋ ಅಂತ ಮತ್ತೆ ಚುಚ್ಚಿದಳು. ಎರಡಕ್ಕೂ ಕಮ್ಮಿ!

ಅವಳು ದಡ ನೋಡಿದಳು. ಜೊಂಡಿನ ಬುಡದಲ್ಲಿ ಒಂದು ಗೇಣು ಒದ್ದೆ ಕೆಸರು ಮಿರಮಿರ ಮಿಂಚುತ್ತಿತ್ತು. ಈಗ ತಾನೇ ನೀರು ಬಿಟ್ಟುಹೋದ ಕೆಸರು.

ಪ್ಲಾಸ್ಟಿಕ್ ಚೀಲದಿಂದ ಅದೇ ಹಳೇ ಮೊಬೈಲ್ ತೆಗೆದಳು. ಪರದೆಯ ಮೇಲೆ ಉಬ್ಬರದ ಗೆರೆ ಗುಡ್ಡದ ಹಾಗೆ ಏರಿ ಇಳಿದಿತ್ತು. ಗುಡ್ಡದ ತುದಿಯಲ್ಲಿ ನಾಲ್ಕು ಗಂಟೆ. ಈಗಿನ ಹೊತ್ತು ತೋರಿಸುವ ಚುಕ್ಕೆ ತುದಿ ದಾಟಿ ಆ ಕಡೆ ಜಾರುತ್ತಿತ್ತು. ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, "ಬೇಸಿಗೆಯ ಗಂಟೆ ಸೇರಿಸಲಾಗಿದೆ."

ಪುಸ್ತಕಕ್ಕೆ ಗೊತ್ತಿಲ್ಲದ್ದು ಮೊಬೈಲಿಗೆ ಗೊತ್ತಿತ್ತು. ಅದು ಆಗಲೇ ಒಂದು ಸೇರಿಸಿಕೊಂಡಿತ್ತು. ಅದರ ಮೇಲೆ ಇವಳು ಇನ್ನೊಂದು ಸೇರಿಸಿದ್ದಳು.

"ಎಷ್ಟಿದೆ ಬೆನೆ?"

ಅವಳು ಮತ್ತೆ ಹುಟ್ಟು ಚುಚ್ಚಿದಳು. "ಒಂದೂವರೆ."

"ಜೋರಾಗಿ ಹೇಳು!"

"ಒಂದೂವರೆ ಅಜ್ಜ! ಬೇಗ, ಬೇಗ ಹೋಗು!"

ಕವಲಿನ ಬಾಯಿ ಕಾಣಿಸಿತು. ಅದರಾಚೆ ಅರಾದೆ ನದಿ ಬಿಸಿಲಿಗೆ ಥಳಥಳಿಸುತ್ತಿತ್ತು. ಇನ್ನೇನು ಒಂದು ಮನೆಯಂಗಳದಷ್ಟು ದೂರ. ಒಂದೂಕಾಲು. ಒಂದು. ಮುಕ್ಕಾಲು...

ಮೋಟರು ಕಿರ್ರೆಂದು ಚೀರಿತು. ಹಿಂದಿನಿಂದ ಕಪ್ಪು ಕೆಸರು ಚಿಮ್ಮಿತು. ತೈಮೋಜಾ ದಿಬ್ಬದ ಮೇಲೆ ಗಕ್ಕನೆ ನಿಂತಿತು.

ಅಜ್ಜ ಮೋಟರು ಆರಿಸಿ ಮೇಲಕ್ಕೆತ್ತಿದ. ಸುತ್ತ ಒಮ್ಮೆಲೇ ಮೌನ. ಎಲ್ಲ ಕಡೆಯಿಂದ ನೀರು ಜುಳುಜುಳು ಇಳಿದು ಹೋಗುವ ಸದ್ದು ಮಾತ್ರ.

"ನಾನು ಇಳಿದು ತಳ್ಳಲಾ?" ಬೆನೆದಿತಾ ಒಂದು ಕಾಲು ಹೊರಗಿಟ್ಟಳು.

"ಕಾಲು ಒಳಗೆ!" ಅಜ್ಜ ಗುಡುಗಿದ. ಅವನು ಅಷ್ಟು ಜೋರಾಗಿ ಕೂಗಿದ್ದನ್ನು ಅವಳು ಕೇಳೇ ಇರಲಿಲ್ಲ. "ಸೊಂಟದವರೆಗೂ ನುಂಗುತ್ತೆ ಈ ಕೆಸರು. ಆಮೇಲೆ ನಿನ್ನ ಎಳೆಯೋಕೆ ನನ್ನ ಕೈಲಾಗಲ್ಲ."

ಬೆನೆದಿತಾ ಕಾಲು ಒಳಗೆಳೆದುಕೊಂಡು ಕೂತಳು. "ನಾಳೆ ನೀರು ಬರಲ್ವಾ?"

"ಇವತ್ತಿಂದೇ ದೊಡ್ಡದು. ಇನ್ನು ದಿನದಿನಕ್ಕೆ ಕಮ್ಮಿ. ಈಗ ಹೋಗ್ಲಿಲ್ಲ ಅಂದ್ರೆ ಸೆಪ್ಟೆಂಬರ್‌ವರೆಗೂ ತೈಮೋಜಾ ಇಲ್ಲೇ." ಅಜ್ಜ ತಲೆ ಕೆರೆದುಕೊಂಡ. "ನಮ್ಮನ್ನೇನೋ ಯಾರಾದ್ರೂ ಬಂದು ಎತ್ಕೊಂಡು ಹೋಗ್ತಾರೆ. ಊರಿಗೆ ಊರೇ ನೋಡೋಕೆ ಬರುತ್ತೆ. ಆಮೇಲೆ ನಿಮ್ಮಮ್ಮ..."

ಆಮೇಲಿನದನ್ನು ಹೇಳುವುದೇ ಬೇಕಿರಲಿಲ್ಲ.

ಅಜ್ಜ ಲಂಗರು ಎತ್ತಿಕೊಂಡು ಮೂತಿಗೆ ಬಂದ. ತೋಳು ಬೀಸಿ ಎಸೆದ. ಲಂಗರು ದಿಬ್ಬ ದಾಟಿ ಆಚೆಗೆ ಧುಡುಂ ಅಂತ ಬಿತ್ತು. "ಹಗ್ಗ ಹಿಡಿ. ನಾನು ಹೂಂ ಅಂದಾಗ ಎಳಿ. ಹೂಂ!"

ಎಳೆದರು. ದೋಣಿ ಒಂದು ಮೊಳ ಜಾರಿತು.

"ಹೂಂ!"

ಅರ್ಧ ಮೊಳ.

"ಹೂಂ!"

ಜಪ್ಪಯ್ಯ ಅನ್ನಲಿಲ್ಲ. ಹಗ್ಗ ಬೆನೆದಿತಾಳ ಅಂಗೈ ಕೊರೆಯಿತು. ಅವಳು ಪಕ್ಕಕ್ಕೆ ನೋಡಿದಳು. ದೋಣಿಯ ಪಕ್ಕದಲ್ಲೇ ಕೆಸರು ಬೆನ್ನೆತ್ತಿ, ಅದರ ಮೇಲೆ ಪುಟ್ಟ ಏಡಿಗಳು ಓಡಾಡುತ್ತಿದ್ದವು.

"ಭಾರ," ಅಂದ ಅಜ್ಜ.

ಕುಡಿಯುವ ನೀರಿನ ಕ್ಯಾನು ಚೆಲ್ಲಿದರು. ಅದು ಎಷ್ಟರದು? ಇಬ್ಬರ ಕಣ್ಣೂ ಒಟ್ಟಿಗೇ ಕಲ್ಲಿನ ಮೇಲೆ ಬಿದ್ದವು.

"ಬೇಡ ಅಜ್ಜ," ಬೆನೆದಿತಾ ಪಿಸುಗುಟ್ಟಿದಳು. "ಅದು ಬೇಡ. ನಾನು ಇನ್ನೂ ಜೋರಾಗಿ ಎಳೀತೀನಿ."

"ಬಾ, ಆ ಕಡೆ ಹಿಡ್ಕೋ."

"ಅಜ್ಜಾ..."

"ಹಿಡ್ಕೋ ಪುಟ್ಟಿ. ಹೊತ್ತಿಲ್ಲ."

ಅಜ್ಜ ಕಲ್ಲಿನ ಗೆರೆಗಳ ಮೇಲೆ ಒಂದು ಸಲ ಕೈಯಾಡಿಸಿದ. ಒಂದೇ ಸಲ. ಆಮೇಲೆ ಇಬ್ಬರೂ ಅದನ್ನು ಅಂಚಿನಿಂದ ನೂಕಿದರು. ಅರವತ್ತು ವರ್ಷ ಕಾದಿದ್ದ ಕಲ್ಲು ಗುಳುಂ ಅಂತ ಕೆಸರಿನಲ್ಲಿ ಇಳಿಯಿತು. ಎರಡು ಗುಳ್ಳೆ ಎದ್ದವು.

ಬೆನೆದಿತಾಳ ಕಣ್ಣು ತುಂಬಿ ಏನೂ ಕಾಣಿಸುತ್ತಿರಲಿಲ್ಲ. ಆದರೂ ಹಗ್ಗ ಹಿಡಿದಳು.

"ಹೂಂ!"

ತೈಮೋಜಾ ನರಳಿತು. ಜಾರಿತು.

"ಹೂಂ! ಬಿಡಬೇಡ! ಹೂಂ!"

ಹೊಟ್ಟೆಯಡಿಯ ಕೆಸರು ಪಚಕ್ಕೆಂದು ಸದ್ದು ಮಾಡಿತು. ದೋಣಿ ದಿಬ್ಬದಿಂದ ಆಚೆಗೆ ಜಾರಿ ಅಗಲವಾದ ನದಿಯಲ್ಲಿ ತೇಲಿತು. ಅಜ್ಜ, ಮೊಮ್ಮಗಳು ಹಿಂದಕ್ಕೆ ಒಬ್ಬರ ಮೇಲೊಬ್ಬರು ಬಿದ್ದರು.

ಇಳಿತಕ್ಕೆ ಎದುರಾಗಿ ಊರಿನ ಕಡೆ ಹೋಗುವಾಗ ಬೆನೆದಿತಾ ಮೂರು ಸಲ "ಅಜ್ಜಾ..." ಅಂದಳು. ಮೂರನೆಯ ಸಲ ಅಜ್ಜ, "ಮೊದಲು ಮುಖ ತೊಳ್ಕೋ, ಕೆಸರು ಮೆತ್ತಿದೆ," ಅಂದ, ಅಷ್ಟೇ.

ಕಟ್ಟೆಗೆ ಬಂದಾಗ ಆರೂಮುಕ್ಕಾಲು ಗಂಟೆ. ಅಮ್ಮ ತಾನು ಕೆಲಸ ಮಾಡುವ ಔಷಧಿ ಅಂಗಡಿಯ ಬಿಳಿ ಕೋಟಿನಲ್ಲೇ ಓಡಿ ಬಂದು ನಿಂತಿದ್ದಳು. ಅವಳ ಮುಖ ಕೋಟಿಗಿಂತ ಬೆಳ್ಳಗಿತ್ತು. ಮಗಳನ್ನು ಎಳೆದು ಅಪ್ಪಿಕೊಂಡಳು, ಕೈಕಾಲು ಮುಟ್ಟಿ ನೋಡಿದಳು. ಎಲ್ಲ ಸರಿಯಿದೆ ಅಂತ ಗೊತ್ತಾದ ಮೇಲೆ ಸಿಟ್ಟು ಬಂತು.

"ಏನಾಯ್ತು? ಫೋನ್ ಮಾಡಿದ್ರೆ ಎತ್ತಲ್ಲ! ಏನಪ್ಪಾ ಇದು?"

"ದಿಬ್ಬದ ಮೇಲೆ ಸಿಕ್ಕೊಂಡ್ವಿ," ಅಂದ ಅಜ್ಜ. "ಇಳಿತ ಶುರುವಾಗಿಬಿಟ್ಟಿತ್ತು. ಗಂಟೆ ನಾನೇ ತಪ್ಪಾಗಿ ನೋಡಿದ್ದೆ. ಕಣ್ಣು ಕಾಣಲ್ವಲ್ಲ."

ಬೆನೆದಿತಾ ಥಟ್ಟನೆ ಅಜ್ಜನ ಕಡೆ ತಿರುಗಿದಳು. ಅಜ್ಜ ಹಗ್ಗ ಸುತ್ತುತ್ತಿದ್ದ, ಏನೂ ಆಗದವನ ಹಾಗೆ.

"ಮುಗೀತು," ಅಂದಳು ಅಮ್ಮ. ಅವಳ ದನಿ ಒಡೆದಿತ್ತು. "ವಿಟಾಲಿನುಗೆ ಈಗ್ಲೇ ಹೇಳ್ತೀನಿ." ಕೋಟಿನ ಜೇಬಿನಿಂದ ಫೋನ್ ತೆಗೆದಳು.

ಸುಮ್ಮನಿದ್ದರೆ ಸಾಕಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನಾನಮ್ಮ," ಅಂದಳು ಬೆನೆದಿತಾ.

"ಏನು?"

"ಗಂಟೆ ನೋಡಿದ್ದು ನಾನು. ಮೊಬೈಲಲ್ಲಿ ಆಗ್ಲೇ ಸೇರಿಸಿತ್ತು. ನಾನು ಇನ್ನೊಂದು ಸೇರಿಸ್ಬಿಟ್ಟೆ." ಅವಳು ಒದ್ದೆಯಾದ ಚೀಟಿ ತೆಗೆದು ಚಾಚಿದಳು. "ಅಜ್ಜ ಹೇಳಿದ್ದ, ನೀರು ತಿರುಗಿದೆ ಅಂತ. ನಾನೇ ಇಲ್ಲ ಅಂದೆ. ನನ್ನಿಂದ ಅಜ್ಜ ಕಲ್ಲು ಎಸೀಬೇಕಾಯ್ತು. ಅವರಮ್ಮನ ಕಲ್ಲು."

ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು.

ಅಮ್ಮ ಚೀಟಿಯ ಮೇಲಿನ ಐದನ್ನು ನೋಡಿದಳು. ಮಗಳ ಅಂಗೈಯ ಕೆಂಪು ಗೆರೆಗಳನ್ನು ನೋಡಿದಳು. ಆಮೇಲೆ ತನ್ನ ಅಪ್ಪನನ್ನು ನೋಡಿದಳು, ಬಹಳ ಹೊತ್ತು. ಫೋನ್ ಜೇಬಿಗೆ ವಾಪಸು ಹೋಯಿತು.

"ಇಬ್ಬರೂ ಮೊದಲು ಸ್ನಾನ ಮಾಡಿ. ನಾರ್ತಿದೀರ," ಅಂದಳು. "ಮಿಕ್ಕಿದ್ದು ಊಟ ಆದ್ಮೇಲೆ."

ಅಜ್ಜನ ಕೈಯಿಂದ ಹಗ್ಗ ಕಿತ್ತುಕೊಂಡು ತಾನೇ ಕಂಬಕ್ಕೆ ಕಟ್ಟಿದಳು. ಒಂದು ಗಂಟು ಹಾಕಿ ಎಳೆದು ನೋಡಿದಳು. ಸಾಲದು ಅಂತ ಇನ್ನೊಂದು ಹಾಕಿ, ಮೆಟ್ಟಿಲು ಹತ್ತಿ ಹೋದಳು.

ದೋಣಿಯ ಮೂಲೆಯಲ್ಲಿ ಒಂದು ಕಿತ್ತಳೆ ಉಳಿದಿತ್ತು. ಬೆನೆದಿತಾ ಅದನ್ನು ಸುಲಿದು ಸಿಪ್ಪೆಯನ್ನು ನೀರಿಗೆ ಹಾಕಿದಳು. ಸಿಪ್ಪೆ ಸಮುದ್ರದ ಕಡೆ ಹೊರಟಿತು. ಸಂಜೆಯ ನೀರಿನ ಮೇಲೆ ಅದು ಎಷ್ಟೋ ದೂರದವರೆಗೂ ಚೆನ್ನಾಗಿ ಕಾಣುತ್ತಿತ್ತು.

"ಅಜ್ಜ, ಅದು ಕಾಣ್ತಿದೆಯಾ ನಿಂಗೆ?"

"ಕಾಣ್ತಿದೆ."

ಗಿರಣಿಯ ಮೆಟ್ಟಿಲ ಹತ್ತಿರವೂ ಕಂಡಿತ್ತು ಹಾಗಾದರೆ. ಕಂಡೂ ಅಜ್ಜ ಕೂತಿದ್ದ, ಅವಳು ಬರೆದಿದ್ದನ್ನು ನಂಬಿ.

ಬೆನೆದಿತಾ ಕಿತ್ತಳೆಯನ್ನು ಎರಡು ಹೋಳು ಮಾಡಿ, ದೊಡ್ಡದನ್ನು ಅಜ್ಜನ ಕೈಗಿಟ್ಟಳು. ಸಿಪ್ಪೆ ಕಣ್ಮರೆಯಾಗುವವರೆಗೂ ಇಬ್ಬರೂ ಅಲ್ಲೇ ಕೂತು ತಿಂದರು.